ಸಿಮೆಂಟು ಕೆತ್ತಿದ ಬೇಸಿಗೆ

ಏಳೂವರೆ ಸಾವಿರ ಅಡಿ. ಉಸಿರು ಎರಡು ಕಂತಿನಲ್ಲಿ ಬರುತ್ತದೆ.
ನ್ಯೂ ಮೆಕ್ಸಿಕೋದ ಪಿಯೆದ್ರಾ ಮಾನ್ಸಾ, ಹದಿನೆಂಟು ಮನೆ,
ನಡುವೆ ಮಣ್ಣಿನ ಇಗರ್ಜಿ.
ತೇವ ಅಳೆಯುವ ಯಂತ್ರ ಹಿಡಿದು ಬಂದವನು ನಾನು.

ಒಳಗೆ, ಬಲಿಪೀಠದ ಹಿಂದೆ, ಪೈನ್ ಹಲಗೆಯ ಮೇಲೆ
ತಿರುಚಿದ ಕಂಬಗಳು, ದಾಳಿಂಬೆ, ಸುರುಳಿ ಬಳ್ಳಿ:
ಎಲ್ಲ ಬರೀ ಬಣ್ಣ.
ಬರೆದವನು ಅಮೃತಶಿಲೆ ಕಂಡವನಲ್ಲ;
ದಕ್ಷಿಣದಿಂದ ಹೇಸರಗತ್ತೆಯ ಬೆನ್ನೇರಿ ಬಂದ
ಒಂದು ಪುಸ್ತಕದ ಹಾಳೆಯಲ್ಲಿ ಕಂಡದ್ದು ಬರೋಕ್.
ಅದಕ್ಕೇ ಇರಬೇಕು, ಕಂಬಗಳು ಏನನ್ನೂ ಹೊತ್ತಿಲ್ಲ,
ಹಗ್ಗ ಹೊಸೆದಂತೆ ಸುಮ್ಮನೆ ಮೇಲೇರಿವೆ.
ಭಾರವೆಲ್ಲ ಗೋಡೆಯದು: ಮೂರು ಮೊಳ ದಪ್ಪ.

ಮಾಡಿನ ಸಂದಿಯಲ್ಲೊಂದು ಅಡ್ಡ ಕಿಟಕಿ,
ಕೆಳಗೆ ನಿಂತವರಿಗೆ ಕಾಣದು.
ಹತ್ತು ಗಂಟೆಗೆ ಬೆಳಕು ಅಲ್ಲಿಂದ ಜಾರಿ
ಸಂತನ ಸವೆದ ಮೂಗಿನ ಮೇಲೆ ಕೂರುತ್ತದೆ.
ಗಂಟೆಯ ಕಂಚಿನಲ್ಲಿ ಯಾರದೋ ಬಳೆ ಕರಗಿದೆಯಂತೆ;
ಬಾರಿಸಿದರೆ ಬಿರುಕು ಮಾತ್ರ ಕೇಳಿಸುತ್ತದೆ.

'ಅರವತ್ತೇಳರಲ್ಲಿ ಸಿಮೆಂಟು ಬಳಿದೆವು,' ಅಂದಳು ದೆಲ್ಫೀನಾ,
'ವರ್ಷ ವರ್ಷ ಮಣ್ಣು ಮೆತ್ತುವ ಕಷ್ಟ ತಪ್ಪಿತೆಂದು ಕುಣಿದೆವು.
ಗೋಡೆಗೆ ಬೆವರಲಾಗಲಿಲ್ಲ.
ಹಿಮದ ನೀರು ಒಳಗೇ ನಿಂತು, ಒಂದು ಚಳಿಗಾಲ
ಗಂಟೆಗೋಪುರ ಕುಳಿತೇಬಿಟ್ಟಿತು, ಮುದಿ ಹಸುವಿನ ಹಾಗೆ.'

ಈಗ ಉಳಿ, ಸುತ್ತಿಗೆ. ಚಕ್ಕೆ ಚಕ್ಕೆ ಸಿಮೆಂಟು.
ಹುಲ್ಲು ಬೆರೆಸಿದ ಕೆಸರನ್ನು ಹೆಂಗಸರು ತುಳಿಯುತ್ತಾರೆ,
ಬೋನಿಫಾಸಿಯೋ ಬಕೆಟ್ಟು ಹೊರುತ್ತಾನೆ, ಬೈಸಿಕೊಳ್ಳುತ್ತಾನೆ.
ಅವಳ ಅಂಗೈ ಗೋಡೆಯ ಮೇಲೆ ಕಮಾನು ಬಿಡಿಸುತ್ತದೆ.
ಸಾರಣೆ ಅನ್ನುವ ಮಾತು ನನ್ನ ಬಾಯಿಗೆ ಬಂದು
ಸ್ಪ್ಯಾನಿಷ್ ಸಿಗದೆ ಹಾಗೇ ನಿಂತಿತು.

ಯಂತ್ರ ಇಪ್ಪತ್ತೆರಡು ಅಂದಿತು.
ಅವಳು ಕೆನ್ನೆಯಿಟ್ಟು ನೋಡಿ
'ಇನ್ನೆರಡು ವಾರ' ಅಂದಳು.
ನಾನು ಎರಡನ್ನೂ ಬರೆದುಕೊಂಡೆ.