ಒಂಬತ್ತು ಗಂಟೆಯೊಳಗೆ

ಗೋಣಿಕೊಪ್ಪದಿಂದ ಫೋನು: ರಾತ್ರಿ ಒಂಬತ್ತಕ್ಕೆ ಬಾಗಿಲು ಮುಚ್ಚುತ್ತೇವೆ,
ಕೊಡುವುದಿದ್ದರೆ ಕೊಡಿ, ತರುವುದಿದ್ದರೆ ತನ್ನಿ,
ಆಮೇಲೆ ಮಳೆ ಹಿಡಿಯುವವರೆಗೂ ಇದ್ದವರೇ ನಿಮಗೆ.

ಅಮ್ಮತ್ತಿಯ ಕ್ಲಬ್ಬಿನ ಹಿಂದಿನ ಕೋಣೆ,
ಹಳೆಯ ಹಾಕಿ ಸ್ಟಿಕ್ಕುಗಳ ಕಟ್ಟಿನ ಪಕ್ಕ ನನ್ನ ಮೇಜು.
ಏಳು ಪಂದ್ಯ, ಎರಡು ಗೆಲುವು, ಒಂದು ಸಮ,
ಉಳಿದದ್ದನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ
ಅಳಿಸಲು ಬರುತ್ತದೇನೋ ಎಂಬಂತೆ.
ಪೆನಾಲ್ಟಿ ಕಾರ್ನರ್ ಹದಿನೆಂಟು ಸಿಕ್ಕವು. ಗೋಲು ಒಂದು.
ಅದೂ ಎದುರಾಳಿಯ ಮೊಣಕಾಲಿಗೆ ಬಡಿದು ತಾನಾಗಿ ಒಳಹೋದದ್ದು.

ಸುಂಟಿಕೊಪ್ಪದಲ್ಲಿ ನೌಫಲ್ ಎಂಬವನಿದ್ದಾನೆ.
ಅವನು ಚೆಂಡನ್ನು ಎಳೆದು ಎಸೆದರೆ
ಹಲಗೆಯ ಸದ್ದು ಮೊದಲು,
ಗೋಲ್‌ಕೀಪರ್ ಬೀಳುವುದು ಆಮೇಲೆ.
ಬದಲಿಗೆ ಅವರು ಕೇಳುವುದು ನಮ್ಮ ಪೆಮ್ಮಯ್ಯನನ್ನು,
ಮತ್ತೆ, ಗಂಟಲು ಸರಿಮಾಡಿಕೊಂಡು,
"ಆ ಹುಡುಗನನ್ನೂ."

ಪೆಮ್ಮಯ್ಯನಿಗೆ ಮೂವತ್ತನಾಲ್ಕು.
ಪಂಪ್‌ಸೆಟ್ಟು ರಿಪೇರಿ ಮುಗಿಸಿ ಡೀಸೆಲ್ ವಾಸನೆಯೊಂದಿಗೇ ಮೈದಾನಕ್ಕಿಳಿಯುವವನು,
ಹನ್ನೊಂದು ಬೇಸಿಗೆ ನಮ್ಮ ಬಲಬದಿಗೆ ಅವನೇ ಬೇಲಿ.
ಈಗ ಬೇಲಿಯ ಎಡ ಮಂಡಿಗೆ
ದಿನಾ ಎರಡು ಸಲ ಮುಲಾಮು.

ಹುಡುಗ, ಸಜು. ಲೈನ್ ಮನೆಯ ಚೌರಿಯ ಮಗ.
ಎರಡು ವರ್ಷದ ಹಿಂದೆ ಗೋಲಿನ ಹಿಂದೆ ಚೆಂಡು ಹೆಕ್ಕುತ್ತಿದ್ದ.
ಒಮ್ಮೆ ಚೆಂಡು ತೋಟದೊಳಗೆ ಹೋಯಿತು,
ಕೈಯಲ್ಲಿ ಎತ್ತಲಿಲ್ಲ ಅವನು,
ಮುರಿದ ಸ್ಟಿಕ್ಕಿನ ತುದಿಯಲ್ಲೇ
ಕಾಫಿ ಗಿಡಗಳ ಸಂದಿಯಿಂದ
ಒಂದು ಎಳೆಗಾಯಿಯೂ ಉದುರದಂತೆ ಹೊರತಂದ.
ನಾನು ಕೈಯಲ್ಲಿದ್ದ ಸೀಟಿ ಊದುವುದನ್ನು ಮರೆತೆ.

ಕಮಿಟಿಯಲ್ಲಿ ಚೆಂಗಪ್ಪಣ್ಣ ಹೇಳಿದರು:
ಎಳೆ ಬಳ್ಳಿಗೆ ಬೆಲೆ ಕಟ್ಟುವುದು ವ್ಯಾಪಾರವಲ್ಲ, ಜೂಜು.
ಲೆಕ್ಕ ನೋಡುವ ದೇಚಮ್ಮ ಕನ್ನಡಕ ಮೇಲೆ ಮಾಡಿ:
ಈ ವರ್ಷ ಕೆಳಗಿನ ದರ್ಜೆಗೆ ಬಿದ್ದರೆ
ಬಳ್ಳಿ ಹಬ್ಬಿಸಲು ಮರ ಎಲ್ಲಿದೆ, ಹೇಳಿ.
ಇಬ್ಬರೂ ಸರಿ. ಅದೇ ತೊಂದರೆ.

ನನ್ನನ್ನೂ ಹೀಗೆಯೇ ಒಮ್ಮೆ ಕೊಟ್ಟಿದ್ದರು,
ಇಪ್ಪತ್ತಾರು ವರ್ಷದ ಹಿಂದೆ, ನಾಪೋಕ್ಲಿನವರು.
ಏನಕ್ಕೆ ಬದಲಾಗಿ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಹೋದ ವರ್ಷ ಅಲ್ಲಿಗೆ ಪಂದ್ಯಕ್ಕೆ ಹೋದಾಗ
ಮೈದಾನ ನೋಡಿಕೊಳ್ಳುವ ಮುದುಕ ಗೋಲಿನ ಬಲೆ ಹಿಡಿದು ಜಗ್ಗಿ
"ಇದು ನೀನೇ ಮಾರಾಯ" ಅಂದ,
"ಇದೂ, ಎರಡು ಡಜನ್ ಚೆಂಡೂ. ಚೆಂಡು ಆಗಲೇ ಕಳೆದುಹೋದವು."
ಅಲ್ಲಲ್ಲಿ ಹರಿದು, ಬೇರೆ ಬಣ್ಣದ ದಾರದ ಗಂಟು.
ಕಣ್ಣಿಗಳಲ್ಲಿ ಬೆರಳು ತೂರಿಸಿ ಎಳೆದೆ. ಗಟ್ಟಿಯಾಗಿತ್ತು.
ಸುಳ್ಳೇಕೆ, ಒಂದು ಕ್ಷಣ ಹೆಮ್ಮೆಯಾಯಿತು.
ಮನೆ ತಲುಪುವಷ್ಟರಲ್ಲಿ ಬೇರೇನೋ ಆಯಿತು.

ಎಂಟು ಗಂಟೆ. ಫಾರಂನಲ್ಲಿ ಹುಡುಗನ ಜನ್ಮದಿನಾಂಕದ ಜಾಗ ಖಾಲಿ.
ಲೈನ್ ಮನೆಗೆ ಹೋದೆ. ಚೌರಿ ಒಲೆಯ ಮುಂದಿನಿಂದ ಏಳದೆ
ತಾರೀಕು ಹೇಳಿದಳು, ಇಸವಿ ಹೇಳಿದಳು,
ಗುರುವಾರ ಎಂದೂ ಹೇಳಿದಳು.
ನಾನು ಬರೆದುಕೊಂಡು ತಿರುಗುವಾಗ:
"ಅವನನ್ನು ಕೇಳಿದಿರಾ?"

ಮೈದಾನದಲ್ಲಿ ಪೆಮ್ಮಯ್ಯನ ಜೀಪು ದೀಪ ಉರಿಸಿಕೊಂಡು ನಿಂತಿತ್ತು,
ಬ್ಯಾಟರಿ ಇಳಿಯುವ ಚಿಂತೆಯೇ ಇಲ್ಲದೆ.
ಆ ಬೆಳಕಿನಲ್ಲಿ ಇಬ್ಬರೂ:
ಒಬ್ಬ ಕುಂಟುತ್ತಾ ಚೆಂಡು ದೂಡುವವನು,
ಒಬ್ಬ ಎಳೆದು ಹೊಡೆಯುವವನು.
"ಎಡಗಾಲು ಮುಂದೆ. ಇನ್ನೂ ಮುಂದೆ.
ಅಲ್ಲಿಗೆ ಹೋದ ಮೇಲೆ ಯಾರೂ ಹೇಳಿಕೊಡುವುದಿಲ್ಲ."
ಅವನಿಗೆ ಗೊತ್ತಿತ್ತು. ಅಮ್ಮತ್ತಿಯಲ್ಲಿ
ಏನು ತಾನೇ ಗುಟ್ಟಾಗಿ ಉಳಿದೀತು.

ಸಜು ನನ್ನನ್ನು ಕಂಡು ಸ್ಟಿಕ್ಕು ನೆಲಕ್ಕೂರಿ ನಿಂತ.
ಬೆವರು ಒರೆಸಿಕೊಂಡು, ನಾಚಿಕೆಯಿಲ್ಲದೆ, ಸಿಟ್ಟೂ ಇಲ್ಲದೆ ಕೇಳಿದ:
"ನಾನು ಹೋದರೆ ನಿಮಗೆ ಏನು ಸಿಗುತ್ತದೆ?"

ಕಿಸೆಯಲ್ಲಿ ಫೋನು. ಎಂಟು ಐವತ್ತೆರಡು.
ಅವನು ಮತ್ತೆ ಬಾಗಿದ, ಎಡಗಾಲು ಮುಂದಿಟ್ಟ,
ಹಲಗೆಯ ಸದ್ದು ಮೊದಲು ಕೇಳಿತು.
ಆಮೇಲೆ ನಾನು ಫೋನೆತ್ತಿದೆ.
"ಬಲೆ ಬೇಡ" ಅಂದೆ.
ಆ ಕಡೆಯವರಿಗೆ ಏನೂ ಅರ್ಥವಾಗಲಿಲ್ಲ.