ಪೆನ್ಸಿಲ್ ಗೆರೆ

ಕುವೊಪಿಯೊದಲ್ಲಿ ಬೆಳಿಗ್ಗೆ ಎಂಟಾದರೂ ಕತ್ತಲು.
ಕೆರೆ ಕಲ್ಲಾಗಿ ಎರಡು ತಿಂಗಳು.
ಕೋಟು ಬಿಚ್ಚಿ, ಇಲಿಗಳ ಕೋಣೆಯ ದೀಪ ಹಾಕಿ
ತಕ್ಕಡಿಯನ್ನು ಸೊನ್ನೆಗೆ ತರುತ್ತೇನೆ.

ಪ್ರತಿ ಗೂಡಿಗೂ ಎರಡು ಸೀಸೆ:
ಒಂದರಲ್ಲಿ ನೀರು, ಒಂದರಲ್ಲಿ ಸಾರಾಯಿ.
ದಿನ ಬಿಟ್ಟು ದಿನ ಎಡಬಲ ಅದಲುಬದಲು,
ಜಾಗವೇ ರೂಢಿಯಾಗಬಾರದಲ್ಲ.

ಈ ಇಲಿಗಳ ಅಜ್ಜಂದಿರ ಅಜ್ಜಂದಿರೂ ಕುಡುಕರು,
ಆರಿಸಿ ಆರಿಸಿ ಕೂಡಿಸಿದ ವಂಶ.
ಹುಟ್ಟುಗುಣ ಸುಟ್ಟರೂ ಹೋಗದಂತೆ.
ಸುಡದೆ ಹೋದೀತೇ ಎಂದು ನೋಡುವುದು ನಮ್ಮ ಕೆಲಸ.
ಒಂದು ಬಿಳಿ ಪುಡಿ; ಅದಕ್ಕಿನ್ನೂ ಹೆಸರಿಲ್ಲ,
ನಂಬರು ಮಾತ್ರ.

ಇದಕ್ಕೆ ಮೊದಲು ಹದಿನಾರು ನಂಬರು ಬಂದುಹೋದವು.
ಒಂದು ಇಲಿಗಳನ್ನು ಮಲಗಿಸಿಯೇಬಿಟ್ಟಿತು, ನೀರೂ ಬೇಡ, ಕಾಳೂ ಬೇಡ.
ಒಂದು ಮೂರು ವಾರ ಗೆದ್ದು ನಾಲ್ಕನೆಯ ವಾರ ಸೋತಿತು,
ಅಪ್ಪನ ಹಾಗೆ.

ಅಪ್ಪ ಮರ ಕೊಯ್ಯುವ ಕಾರ್ಖಾನೆಯಲ್ಲಿದ್ದ.
ಅಮ್ಮ ಸೀಸೆಗಂಟಿದ ಚೀಟಿಯ ಮೇಲೆ
ಕೂದಲೆಳೆಯಷ್ಟು ಪೆನ್ಸಿಲ್ ಗೆರೆ ಎಳೆದು ಮಲಗುತ್ತಿದ್ದಳು.
ಅಪ್ಪ ನಡುರಾತ್ರಿ ಎದ್ದು, ಗೆರೆಯ ಕೆಳಗಿನವರೆಗೂ ಕುಡಿದು,
ನಲ್ಲಿಯಿಂದ ಹನಿ ಹನಿ ನೀರು ಬಿಟ್ಟು
ಗೆರೆಗೆ ಸರಿಮಾಡುತ್ತಿದ್ದ.
ಇಡೀ ದಿನ ನಡುಗುವ ಕೈ
ಆ ಹೊತ್ತಿಗೆ ಮಾತ್ರ ತಪ್ಪುತ್ತಿರಲಿಲ್ಲ.
ನಾನು ಬಾಗಿಲ ಸಂದಿಯಲ್ಲಿ. ಏಳು ವರ್ಷ.
ಯಾರಿಗೂ ಹೇಳಲಿಲ್ಲ.
ವಾರದ ಕೊನೆಗೆ ಸೀಸೆಯಲ್ಲಿ ವಾಸನೆ ಹತ್ತಿದ ನೀರು;
ಅಮ್ಮನಿಗೆ, ಗೆರೆ ಅಲ್ಲೇ ಇದೆಯೆಂಬ ಸಮಾಧಾನ.

ಇಲಿಗಳು ನೀರು ಬೆರೆಸುವುದಿಲ್ಲ.

ಕೆಳಮಹಡಿಯಲ್ಲಿ ಮನುಷ್ಯರ ಸರದಿ, ಬೇರೊಂದು ಮಾತ್ರೆಗೆ.
ಅರ್ಧ ಮಂದಿಗೆ ಮದ್ದು, ಅರ್ಧ ಮಂದಿಗೆ ಬರೀ ಹಿಟ್ಟು;
ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ.
ಬಸ್ಸು ಓಡಿಸುತ್ತಿದ್ದ ತೈಸ್ತೊ ಲಿಫ್ಟಿನಲ್ಲಿ ಸಿಕ್ಕು ಕೇಳಿದ:
“ನನ್ನದು ಹಿಟ್ಟಾ?”
ಗೊತ್ತಿಲ್ಲ ಅಂದೆ.
“ಹಿಟ್ಟೇ ಆಗಿದ್ದರೆ ಹೇಳಬೇಡ ಮತ್ತೆ.
ನಿನ್ನೆ ಸಂಜೆ ಕಾಫಿಗೆ ಕಾಫಿಯದೇ ರುಚಿ ಇತ್ತು.”

ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಇವತ್ತು ಸಾರಾಯಿ ಎಡಕ್ಕೆ.
ನಲವತ್ತೊಂದನೆಯದು ನೇರ ಅಲ್ಲಿಗೇ ಹೋಗಿ,
ಮೂತಿ ತಾಗಿಸಿ, ಏನೋ ಮರೆತಂತೆ ನಿಂತು,
ತಿರುಗಿ ನೀರಿನ ಕಡೆ ಬಂತು.
ಒಂದು ಇಲಿ, ಒಂದು ಬೆಳಿಗ್ಗೆ. ಇದು ಪುರಾವೆಯಲ್ಲ,
ಡಾಕ್ಟರ್ ಓರ್ವೊಕ್ಕಿ ಹೇಳುವ ಮೊದಲೇ ನನಗೆ ಗೊತ್ತು.
ಆದರೂ ಸೀಸೆಯನ್ನು ತಕ್ಕಡಿಗೆ ಇಡುವಾಗ
ಉಸಿರು ಬಿಗಿಹಿಡಿದೆ,
ಬಾಗಿಲ ಸಂದಿಯಲ್ಲಿ ನಿಂತವಳ ಹಾಗೆ.

ಮೂರು ಸಲ ತೂಗಿದೆ.
ಮೂರು ಸಲವೂ ಅಷ್ಟೇ.