ಖಾಲಿ ಹೊಟ್ಟೆಯಲ್ಲಿ ಬನ್ನಿ

ಬೆಳಿಗ್ಗೆ ಏಳಕ್ಕೆ ಷಟರ್ ಎತ್ತಿದರೆ
ಮೀನು ತಲೆಕೆಳಗಾಗಿತ್ತು.
ಸತ್ತಿರಲಿಲ್ಲ. ಹೊಟ್ಟೆ ಮೇಲೆ, ಬೆನ್ನು ಕೆಳಗೆ,
ಬಾಯಿ ಮಾತ್ರ ಎಂದಿನಂತೆ
ಏನೋ ಹೇಳಹೊರಟು, ಬೇಡವೆಂದು ನುಂಗುತ್ತಿತ್ತು.

ಹಾಸನದ ಈ ಗಲ್ಲಿಯಲ್ಲಿ ಹದಿನಾಲ್ಕು ವರ್ಷದಿಂದ
ಬೇರೆಯವರ ರಕ್ತ ನೋಡುವುದೇ ನನ್ನ ಕೆಲಸ.
ಹನಿ ಹನಿಯಾಗಿ ಊರು ಗೊತ್ತು ನನಗೆ:
ಸಾಲಗಾಮೆ ರಸ್ತೆಯ ಸಕ್ಕರೆ,
ಪೆನ್ಷನ್ ಮೊಹಲ್ಲಾದ ಥೈರಾಯ್ಡು,
ದುದ್ದದಿಂದ ಬಸ್ಸಿನಲ್ಲಿ ನಿಂತೇ ಬರುವ ಕಾಮಾಲೆ.
ಮುಖ ಮರೆತೇನು, ಹಿಮೋಗ್ಲೋಬಿನ್ ಮರೆಯೆ.
ಕಾಯುವ ಬೆಂಚಿನ ಪಕ್ಕ, ಗಾಜಿನೊಳಗೆ
ಎರಡು ದೀಪಾವಳಿ ಈಜಿದ ಇದಕ್ಕೆ
ಯಾವ ಬೆರಳು ಚುಚ್ಚಲಿ?

ವೆಟರ್ನರಿ ಕಾಲೇಜಿನ ಗೆಳತಿ ಫಿಲೋಮಿನಾಗೆ ಫೋನು ಮಾಡಿದೆ.
'ಹಸುವಾದರೆ ಭುಜದವರೆಗೆ ಕೈ ಹಾಕಿ ಹೇಳುತ್ತಿದ್ದೆ ಕಣೇ,
ಇದಕ್ಕೆಲ್ಲಿ ಹಾಕಲಿ?' ಎಂದು ನಕ್ಕಳು.
ಅಕ್ವೇರಿಯಂ ಅಂಗಡಿ ಮುಬೀನ್ ಕೊಟ್ಟ ನೀಲಿ ಔಷಧಿಗೆ
ನೀರು ಶಾಯಿಯಾಯಿತು,
ಶಾಯಿಯಲ್ಲೂ ಮೀನು ತಲೆಕೆಳಗೇ.
ಬಿಳಿ ಚುಕ್ಕೆಯಿಲ್ಲ, ಹುಣ್ಣಿಲ್ಲ,
ಹುರುಪೆ ಎದ್ದು ನಿಂತಿಲ್ಲ, ರೆಕ್ಕೆ ಕೊಳೆತಿಲ್ಲ.

ಹೊಟ್ಟೆಯ ಕೆಳಗೊಂದು ನೂಲು ಇಳಿಬಿದ್ದಿತ್ತು,
ಉದ್ದಕ್ಕೆ, ಬೆಳ್ಳಗೆ.
ಅಭ್ಯಾಸ ಬಿಡಲಿಲ್ಲ. ಸ್ಲೈಡಿಗೆ ತೆಗೆದುಕೊಂಡೆ,
ಒಂದು ತೊಟ್ಟು ಅಯೋಡಿನ್, ಮೇಲೆ ಲೆನ್ಸು:
ಕಾಳು ಕಾಳಾಗಿ ಕಪ್ಪುನೀಲಿ.
ಹಿಟ್ಟು.
ಬೆಂಚಿನ ಕೆಳಗೆ ಬಗ್ಗಿ ನೋಡಿದರೆ ಅದೇ ಹಿಟ್ಟು,
ಬಿಸ್ಕತ್ತಿನ ಪುಡಿ, ಬನ್ನಿನ ಚೂರು,
ಇರುವೆ ಸಾಲು.

ನನ್ನೆದುರಿಗೇ ಹಾಕುತ್ತಿದ್ದರು, ಕಂಡೂ ಕಂಡಿರಲಿಲ್ಲ.
ಗಂಡನ ಕ್ರಿಯಾಟಿನಿನ್‌ಗೆ ಕಾದವಳು ಅರ್ಧ ಬಿಸ್ಕತ್ತು,
ಈ ಸಲವಾದರೂ ಎಂದು ಬಂದ ಹುಡುಗಿ ಬನ್ನಿನ ಮೇಲ್ಪದರ,
ಸಕ್ಕರೆಯವರಂತೂ
ತಾವು ತಿನ್ನಬಾರದ್ದನ್ನೆಲ್ಲ.
ಹೆದರಿದ ಕೈ ಸುಮ್ಮನೆ ಕೂರುವುದಿಲ್ಲ,
ಯಾರಿಗಾದರೂ ಏನಾದರೂ ಉಣಿಸಬೇಕು ಅದಕ್ಕೆ.
ಮೀನಿಗೋ, ಸಾಕು ಎನ್ನಲು ಬಾರದು.

ದಿನಕ್ಕೆ ನಲವತ್ತು ಸಲ ಆಡುವ ಮಾತು,
ಗಾಜಿಗೆ ಮೂಗು ತಾಗಿಸಿ ಅದಕ್ಕೂ ಹೇಳಿದೆ:
ಖಾಲಿ ಹೊಟ್ಟೆ. ಮೂರು ದಿನ.
ಬ್ಲೀಚಿಂಗ್ ವಾಸನೆಯ ನಲ್ಲಿನೀರನ್ನು
ಎರಡು ರಾತ್ರಿ ಬಕೆಟ್ಟಿನಲ್ಲಿ ಮಲಗಿಸಿ
ದಿನಕ್ಕಿಷ್ಟು ಬದಲಿಸಿದೆ.
ಕಲ್ಲುಪ್ಪು, ಕಣ್ಣಂದಾಜಲ್ಲ, ತಕ್ಕಡಿಯಲ್ಲಿ ತೂಗಿ.
ಡಿಸೆಂಬರಿನ ಚಳಿಗೆ
ತೊಟ್ಟಿಯ ಪಕ್ಕ ಅರವತ್ತರ ಬಲ್ಬು, ಬಾಣಂತಿಗೆ ಇಟ್ಟ ಹಾಗೆ.

ನಾಲ್ಕನೆಯ ದಿನ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಕಾಲು ಕೇಜಿ ಹಸಿಬಟಾಣಿಗೆ ಚೌಕಾಸಿ ಮಾಡಿ ಬೈಸಿಕೊಂಡೆ.
ಬೇಕಿದ್ದದ್ದು ಒಂದು ಕಾಳು.
ಬೇಯಿಸಿ, ಸಿಪ್ಪೆ ಸುಲಿದು, ಉಗುರಿನಲ್ಲಿ ಚೂರು ಮಾಡಿ...
ಮಿಕ್ಕಿದ್ದು ನಮ್ಮ ಉಪ್ಪಿಟ್ಟಿಗೆ.

ಈಗ ನೆಟ್ಟಗಾಗಿದೆ, ಪೂರ್ತಿ ಅಲ್ಲ.
ಕೊಡ ಸೊಂಟಕ್ಕಿಟ್ಟವಳ ಹಾಗೆ
ಒಂದು ಬದಿಗೆ ವಾಲಿಕೊಂಡೇ ಓಡಾಡುತ್ತದೆ.
ತೊಟ್ಟಿಗೆ ಚೀಟಿ ಅಂಟಿಸಿದ್ದೇನೆ:
ಮೀನಿಗೆ ಏನೂ ಹಾಕಬೇಡಿ.

ಇವತ್ತು ಅರಕಲಗೂಡಿನವರೊಬ್ಬರು, ಪುಟ್ಟಮಲ್ಲಪ್ಪ,
ಹತ್ತೂವರೆಯಿಂದ ಕೂತಿದ್ದಾರೆ.
ಬಿಸ್ಕತ್ತು ಮುರಿದರು, ಚೀಟಿ ಓದಿದರು,
ಚೂರನ್ನು ಎಲ್ಲಿಡುವುದೆಂದು ತಿಳಿಯದೆ
ಮುಷ್ಟಿಯಲ್ಲೇ ಹಿಡಿದು ಕೂತರು.
ಅವರ ರಿಪೋರ್ಟು ನನ್ನ ಡ್ರಾಯರಿನಲ್ಲಿದೆ.
ನೋಡಿದ್ದೇನೆ. ಹೇಳುವವಳು ನಾನಲ್ಲ,
ಡಾಕ್ಟರು ಬರುವುದು ಒಂದು ಗಂಟೆಗೆ.

ಡಬ್ಬಿಯಿಂದ ಒಂದು ಬಟಾಣಿ ಸುಲಿದು
ಅವರ ಇನ್ನೊಂದು ಅಂಗೈಯಲ್ಲಿಟ್ಟೆ.
'ಒಂದೇ. ಸಣ್ಣ ಸಣ್ಣದಾಗಿ ಹಾಕಿ.
ನಿಧಾನವಾಗಲಿ.'

ಮೊದಲ ಚೂರು ಮೀನಿಗೆ ತಪ್ಪಿತು.
ವಾಲಿಕೊಂಡು ತಿರುಗಿ ಬಂತು.